ಆಷಾಢ ಕಳೀಲಿ

ಬೇಲೂರಿನಲ್ಲಿ ಆರೋಗ್ಯ ವಿಮೆ ಮಾರುವ ಭಾಷ್ಯಂ ಅವರಿಗೆ ಫೋನಿನಲ್ಲಿ ‘ಬೇಡ’ ಎಂದವರು ಕಡಿಮೆ, ‘ಆಮೇಲೆ’ ಎಂದವರೇ ಹೆಚ್ಚು. ಆ ‘ಆಮೇಲೆ’ಯನ್ನು ಅವರು ನಂಬಿಬಿಡುತ್ತಾರೆ, ಅದೇ ತೊಂದರೆ. “ಬಸ್ಸಲ್ಲಿದೀನಿ ಸಾರ್” ಎಂದರೆ, “ಗೆಂಡೆಹಳ್ಳಿ ಬಸ್ಸಲ್ವೇನ್ರೀ? ನಾಲ್ಕೂಕಾಲಿಗೆ ಇಳೀತೀರಿ. ಕಾಫಿ ಕುಡೀರಿ, ನಾಲ್ಕೂವರೆಗೆ ಮಾಡ್ತೀನಿ” ಎನ್ನುತ್ತಾರೆ, ನಾಲ್ಕೂವರೆಗೆ ಸರಿಯಾಗಿ ಮಾಡುತ್ತಾರೆ. “ಮನೆಯವ್ರನ್ನ ಕೇಳಿ ಹೇಳ್ತೀನಿ” ಎಂದರೆ, “ಫೋನ್ ಕೊಡಿ, ನಾನೇ ಕೇಳ್ತೀನಿ.” “ಆಷಾಢ ಕಳೀಲಿ” ಎಂದು ಹೋದ ವರ್ಷ ಜಾರಿಕೊಂಡ ಹುಲಿಕೆರೆಯ ಶಿವಯ್ಯನವರಿಗೆ ಶ್ರಾವಣದ ಮೊದಲ ಬೆಳಿಗ್ಗೆ, ಒಲೆಯ ಮೇಲಿನ ಹಾಲು ಕಾಯುವುದರೊಳಗೆ ಇವರ ಫೋನು. “ನಿಮ್ ಕಾಟಕ್ಕೇ ಆಸ್ಪತ್ರೆ ಸೇರೋ ಹಂಗೈತೆ ಕಣ್ರೀ” ಎಂದು ಬೈಯುತ್ತಲೇ ಶಿವಯ್ಯನವರು ಪಾಲಿಸಿ ಮಾಡಿಸಿದರು. ಮೊನ್ನೆ ನಾನು ಎದುರಿಗೆ ಕುಳಿತಿದ್ದಾಗ ಹಾಸನದ ಒಂದು ಆಸ್ಪತ್ರೆಯಿಂದ ಭಾಷ್ಯಂ ಅವರಿಗೇ ಫೋನು ಬಂತು. “ಎದೆ ಸ್ಕ್ಯಾನಿಂಗ್‌ಗೆ ಯಾವತ್ತು ಬರ್ತೀರಾ ಸಾರ್?” ಎಂದು ಒಬ್ಬ ಹುಡುಗಿ ಕೇಳಿದ್ದು ನನಗೂ ಕೇಳಿಸಿತು. “ಆಷಾಢ ಕಳೀಲಮ್ಮ, ನಾನೇ ಫೋನ್ ಮಾಡ್ತೀನಿ” ಎಂದರು. ಅವಳು “ಸರಿ ಸಾರ್” ಎಂದು ಇಟ್ಟುಬಿಟ್ಟಳು. ಫೋನನ್ನು ಕಿವಿಯಿಂದ ಇಳಿಸಲು ಭಾಷ್ಯಂ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಇನ್ನೊಂದ್ಸಲ ಕೇಳ್ಬೋದಿತ್ತು ಕಣ್ರೀ” ಎಂದರು.