ಇಬ್ಬರ ಭಾರಕ್ಕೆ ಹದ ಮಾಡಿದ ಗಾಡಿ

ನನ್ನ ಗಂಡನಿಗೆ ಲಕ್ವಾ ಹೊಡೆದದ್ದು ಅವರು ಮೋಟರ್ ಸೈಕಲ್ ಕೊಂಡ ನಾಲ್ಕನೆಯ ತಿಂಗಳಿಗೆ. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಗಾಡಿ ಅದು. ಎತ್ತರದ ಸೀಟು, ಅಗಲವಾದ ಹ್ಯಾಂಡಲ್, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಸಾಮಾನಿನ ಪೆಟ್ಟಿಗೆ. ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಮನುಷ್ಯ ಭಾಲ್ಕಿಯಿಂದ ಬೀದರಿಗೆ ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದ್ದರು. ಮಗಳ ಮದುವೆ ಮುಗಿದ ಮೇಲೆ ಒಂದು ದಿನ, "ಇನ್ನ ನನ್ನ ಖುಷಿಗೆ ಒಂದ್ ಮಾಡ್ಕೋತೇನಿ" ಎಂದು ಹೇಳಿ ಆ ಗಾಡಿ ತಂದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಆಮೇಲೆ ಅವರ ಮಾತೇ ನಿಂತುಹೋಯಿತು. ಬಲಗೈ, ಬಲಗಾಲು ಬಿದ್ದುಹೋದವು. ಕಾಲು ಸ್ವಲ್ಪ ಸ್ವಲ್ಪವಾಗಿ ಬಂತು, ಕೋಲು ಹಿಡಿದು ಅಂಗಳದಲ್ಲಿ ನಡೆಯುವಷ್ಟು. ಮಾತು ಮಾತ್ರ ದಾರಿ ತಪ್ಪಿತ್ತು. ತಲೆಯಲ್ಲಿ ಎಲ್ಲ ಸರಿಯಾಗಿತ್ತು, ಬಾಯಿಗೆ ಬರುವ ಹೊತ್ತಿಗೆ ಬೇರೆ ಪದ ಬರುತ್ತಿತ್ತು. ನೀರು ಬೇಕಾದರೆ "ಬಾಗಲಾ" ಎನ್ನುವರು. ಬಾಗಿಲು ಹಾಕಿದರೆ ಸಿಟ್ಟಿಗೇಳುವರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದಿನಕ್ಕೆ ಆರು ಪೀರಿಯಡ್ ಕೂಗಿ ಬಂದು, ಮನೆಯಲ್ಲಿ ಒಂದೊಂದು ಪದಕ್ಕೂ ಅರ್ಥ ಹುಡುಕುತ್ತ ಕೂಡಬೇಕಾಗಿತ್ತು. ಎಷ್ಟೋ ಸಲ ಹುಡುಕಲಿಲ್ಲ. ತಿಳಿದವಳ ಹಾಗೆ ತಲೆ ಆಡಿಸಿ ಅಡಿಗೆ ಮನೆಗೆ ಹೋಗಿಬಿಡುತ್ತಿದ್ದೆ.

ವಾರಕ್ಕೆ ಎರಡು ದಿನ ಬೀದರಿಗೆ ಫಿಜಿಯೋಥೆರಪಿಗೆ ಒಯ್ಯಬೇಕಿತ್ತು. ಬುಧವಾರ ಹೆಡ್‌ಮಾಸ್ತರರು ಕೊನೆಯ ಎರಡು ಪೀರಿಯಡ್ ಬಿಟ್ಟುಕೊಟ್ಟಿದ್ದರು. ಶನಿವಾರ ಹೇಗೂ ಅರ್ಧ ದಿನದ ಶಾಲೆ. ಮೊದಮೊದಲು ಬಸ್ಸಿನಲ್ಲಿ ಹೋದೆವು. ಬಸ್ಸಿನ ಮೆಟ್ಟಿಲು ಎತ್ತರ, ಹಿಂದೆ ಜನ ನೂಕುತ್ತಿದ್ದರು, ಕಂಡಕ್ಟರ್ ಸೀಟಿ ಊದುತ್ತಿದ್ದ. ಒಂದು ದಿನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲ ಮೇಲೆಯೇ ಕುಸಿದರು. ನಾಲ್ಕು ಜನ ಎತ್ತಿ, "ಪಾಪ, ಪಾಪ" ಅಂದರು. ಅವತ್ತಿನಿಂದ ಬಸ್ಸು ಹತ್ತಲು ಒಪ್ಪಲಿಲ್ಲ. ನನ್ನ ಹಳೆಯ ಸ್ಕೂಟರಿನಲ್ಲಿ ಕೂಡಿಸಿಕೊಂಡು ಹೋದೆ. ಅದರ ಸಣ್ಣ ಗಾಲಿ ಪ್ರತಿ ತಗ್ಗಿಗೂ ಇಳಿದು ಏಳುತ್ತಿತ್ತು. ಜೋತುಬಿದ್ದ ಭುಜಕ್ಕೆ ಪೆಟ್ಟು ಬಿದ್ದಾಗಲೆಲ್ಲ ಹಿಂದೆ ಹಲ್ಲು ಕಚ್ಚುವ ಸಪ್ಪಳ ನನಗೆ ಕೇಳುತ್ತಿತ್ತು. ಪ್ರತಿ ಸಲ ಕಾರು ಬಾಡಿಗೆ ಹಿಡಿಯುವುದು ಮಾಸ್ತರಿಕೆಯ ಸಂಸಾರಕ್ಕೆ ಆಗುವ ಮಾತಲ್ಲ.

ಒಂದು ಭಾನುವಾರ ಮುಂಜಾನೆ ಅವರು ಕೋಲೂರಿಕೊಂಡು ಹೋಗಿ ತಗಡಿನ ಶೆಡ್ಡಿನ ಮುಂದೆ ನಿಂತರು. ಎಡಗೈಯಿಂದ ಗಾಡಿಯ ಮೇಲಿನ ತಾಡಪತ್ರಿ ಎಳೆದರು.

"ಎಮ್ಮಿ," ಅಂದರು. "ಎಮ್ಮಿ ತಗಿ. ನೀ."

"ನಾನಾ? ನನಗ ಐವತ್ತರ ಹತ್ತಿರ ಬಂತ್ರಿ. ಇದರ ಮ್ಯಾಲ ಕೂತ್ರ ನನ್ನ ಕಾಲ ನೆಲಕ್ಕ ಸೈತ ಮುಟ್ಟಂಗಿಲ್ಲ."

"ನೀ," ಎಂದು ಮತ್ತೆ ಅಂದರು.

ನಾನು ಕಲಿತೆ. ಖುಷಿಯಿಂದಲ್ಲ, ಬೇರೆ ದಾರಿ ಇರಲಿಲ್ಲ ಎಂದು. ಭಾನುವಾರ ಶಾಲೆಯ ಮೈದಾನದಲ್ಲಿ, ಅವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರೆ, ನಾನು ಸುತ್ತು ಹಾಕುವುದು. ಓಡುವಾಗ ಗಾಡಿ ಹಗುರ. ನಿಲ್ಲಿಸುವಾಗ ಕಾಲ್ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು, ಗಾಡಿ ಒಂದು ಕಡೆ ವಾಲಿತೆಂದರೆ ಮುಗಿಯಿತು, ಅದರ ಜೊತೆಗೆ ನಾನೂ ಮಲಗುತ್ತಿದ್ದೆ. ಮೊಣಕಾಲಿನ ತುಂಬ ನೀಲಿ. ಸಹೋದ್ಯೋಗಿಗಳು, "ಏನ್ರಿ ಅಕ್ಕೋರ, ಈ ವಯಸ್ಸಿನಾಗ" ಎಂದು ನಕ್ಕರು.

ಕಾಲು ಮುಟ್ಟುವುದಕ್ಕೆ ಏನಾದರೂ ಉಪಾಯ ಮಾಡಬೇಕೆಂದು ಬೀದರಿನಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಕಾರ್ಖಾನೆಯ ದಿನಗಳಿಂದ ನನ್ನ ಗಂಡನಿಗೆ ಪರಿಚಯದವರು, ಗಡ್ಡ ನೆರೆತ ಹಿರಿಯರು. ಇವರನ್ನು ಕಂಡು ಅವರ ಕಣ್ಣು ತುಂಬಿದವು. ಎಲ್ಲ ಕೇಳಿಕೊಂಡು ಹೇಳಿದರು:

"ಫಿಕರ್ ಮಾಡಬ್ಯಾಡ್ರಿ ಅಕ್ಕಾ. ಹಿಂದಿನ ಶಾಕಪ್ ಪೂರಾ ಸಡ್ಲ ಮಾಡ್ತೇನಿ. ಗಾಡಿ ಕೆಳಗ ಕೂಡ್ತದ, ನಿಮ್ಮ ಕಾಲ ಮುಟ್ತಾವ. ಮ್ಯಾಲಿಂದ ಗಾದಿ ಮ್ಯಾಲ ಕೂತಂಗ ಮೆತ್ತಗ ಆಗ್ತದ, ಸಾಹೇಬ್ರ ಭುಜಕ್ಕೂ ಆರಾಮ."

ಶಾಕಪ್ ಅಂದರೆ ಹಿಂದಿನ ಗಾಲಿಯ ಮೇಲಿರುವ ದಪ್ಪ ಸ್ಪ್ರಿಂಗ್, ಅದಕ್ಕೆ ಹಲ್ಲಿನಂಥ ಗುರುತುಗಳ ಒಂದು ಬಳೆ ಇರುತ್ತದೆ. ಅದನ್ನು ಕೊಕ್ಕೆಯಂಥ ಪಾನಾದಿಂದ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಇಲ್ಲವೆ ಸಡಿಲವಾಗುತ್ತದೆ. ಅವರು ಪಾನಾ ಹಚ್ಚಿದ್ದೇ ತಡ, ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದರು.

"ಬ್ಯಾಡ. ಬ್ಯಾಡ. ಹಾ... ಹಾ... ಹಾಲು!"

"ಹಾಲು ಬೇಕ್ರಿ ಸಾಹೇಬ್ರ?" ಎಂದು ಮೆಕ್ಯಾನಿಕ್ ಕೇಳಿದರು.

"ಹಾಲು! ಹಾಲು!" ಎಂದು ಎಡಗೈಯಿಂದ ತೊಡೆ ಬಡಿದುಕೊಂಡರು.

ಹಾಲು ಎಂದರೆ ಚಹಾ ಇರಬೇಕೆಂದು ಎದುರಿನ ಹೋಟೆಲಿನಿಂದ ಚಹಾ ತರಿಸಿದೆವು. ಅವರು ಕಪ್ಪನ್ನು ಮುಟ್ಟಲಿಲ್ಲ, ಮುಖ ತಿರುಗಿಸಿ ಕೂತರು. ಇದು ಚಹಾದ ಮಾತಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ಆದರೆ ಮುಂಜಾನೆ ಐದಕ್ಕೆ ಎದ್ದವಳು ನಾನು. ಗಾಡಿಯ ಮೇಲೆ ಕೂತು ನೋಡಿದೆ, ಎರಡೂ ಪಾದ ನೆಲಕ್ಕೆ ಊರಿದವು. ಅಷ್ಟು ಸಾಕಾಗಿತ್ತು ನನಗೆ.

ಆ ಹದದಲ್ಲಿ ಮೂರು ವಾರ ಓಡಿಸಿದೆ. ಮನೆಯ ಮುಂದಿನ ಕಲ್ಲಿನ ಕಟ್ಟೆಗೆ ಗಾಡಿ ಹಚ್ಚಿ ನಿಲ್ಲಿಸಿ, ಕಟ್ಟೆಯ ಮೇಲಿಂದ ಅವರನ್ನು ಹಿಂದಿನ ಸೀಟಿಗೆ ಕೂಡಿಸಿ, ಅವರ ಬಲಗಾಲನ್ನು ನಾನೇ ಎತ್ತಿ ಆ ಕಡೆ ದಾಟಿಸುವುದು. ಇಬ್ಬರಿಗೂ ಹೆಲ್ಮೆಟ್ ಹಾಕುವುದು. ಸೋತ ಕೈಯನ್ನು ಜೋಳಿಗೆಯ ಹಾಗೆ ಕಟ್ಟಿ ಜಾಕೆಟ್ಟಿನೊಳಗೆ ಸೇರಿಸುವುದು. ಹೊರಡುವ ಮೊದಲೇ ನನ್ನ ಬೆನ್ನು ಬೆವರಿನಿಂದ ತೊಯ್ದಿರುತ್ತಿತ್ತು. ಗಾಡಿ ಮೆತ್ತಗೆ ಹೋಗುತ್ತಿತ್ತು, ನಿಜ. ಆದರೆ ದೋಣಿಯ ಹಾಗೆ ತೂಗುತ್ತಿತ್ತು. ಹಿಂಭಾಗ ಕುಸಿದು ಮುಂಭಾಗ ಮೇಲೆದ್ದು, ದೀಪದ ಬೆಳಕು ರಸ್ತೆ ಬಿಟ್ಟು ಗಿಡದ ಕೊಂಬೆಗೆ ಬೀಳುತ್ತಿತ್ತು. ನನಗೇ ಸರಿಯಾಗಿ ಓಡಿಸಲು ಬರುವುದಿಲ್ಲ ಅಂದುಕೊಂಡೆ.

ಒಂದು ಬುಧವಾರ ಬೀದರಿನಿಂದ ವಾಪಸು ಬರುತ್ತಿದ್ದೆವು. ಸಂಜೆಯ ಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ಹಲಬರ್ಗಾದ ಈಚೆ ಒಂದು ಊರಿನ ಹತ್ತಿರ, ಬಣ್ಣ ಬಳಿಯದ ಸ್ಪೀಡ್ ಬ್ರೇಕರ್ ಕಾಣಲಿಲ್ಲ. ಹಿಂದಿನ ಗಾಲಿ ಅದನ್ನು ಏರಿ ಇಳಿದಾಗ ಧಡಕ್ಕನೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸಪ್ಪಳ. ಸ್ಪ್ರಿಂಗ್ ತಳ ಮುಟ್ಟಿತ್ತು. ಅದು ನಮ್ಮನ್ನು ಹಾಗೇ ಮೇಲಕ್ಕೆ ಎಸೆಯಿತು. ಹ್ಯಾಂಡಲ್ ಹತ್ತಿಯ ಹಾಗೆ ಹಗುರಾಯಿತು. ಮುಂದೆಯೇ ತಿರುವು. ನಾನು ಎಡಕ್ಕೆ ತಿರುಗಿಸಿದರೂ ಗಾಡಿ ತೂಗಾಡುತ್ತ ಬಲಕ್ಕೇ ಹೋಯಿತು. ಎದುರಿಗೆ ಎರಡು ಟ್ರೇಲರ್ ಕಬ್ಬು ಹೊತ್ತ ಟ್ರ್ಯಾಕ್ಟರ್. ಬ್ರೇಕಿನ ಹಿಡಿಕೆ ನನ್ನ ಗಿಡ್ಡ ಬೆರಳಿಗೆ ಸರಿಯಾಗಿ ಸಿಗಲಿಲ್ಲ. ಟ್ರ್ಯಾಕ್ಟರಿನವನು ಬ್ರೇಕ್ ತುಳಿದು ರಸ್ತೆಯ ನಡುವಿಗೆ ಎಳೆದುಕೊಂಡ. ನಾವು ಅವನ ಮುಂದಿನಿಂದಲೇ ರಸ್ತೆ ದಾಟಿ ತೊಗರಿ ಹೊಲದ ಅಂಚಿನ ಕರಿಮಣ್ಣಿಗೆ ಇಳಿದು, ನಿಂತು, ಆಮೇಲೆ ನಿಧಾನವಾಗಿ ಉರುಳಿದೆವು.

ನನಗೆ ಏನೂ ಆಗಿರಲಿಲ್ಲ. ಅವರು ಅಂಗಾತ ಬಿದ್ದಿದ್ದರು, ಮೊಣಕೈ ತರಚಿತ್ತು. ಎಬ್ಬಿಸಲು ಕಂಕುಳಿಗೆ ಕೈ ಹಾಕಿದೆ, ಆಗಲಿಲ್ಲ. ಇನ್ನೊಮ್ಮೆ ಹಾಕಿದೆ, ಆಗಲಿಲ್ಲ. ಆಗ ಅವರು ಹೆಲ್ಮೆಟ್ಟಿನೊಳಗಿಂದ ನನ್ನನ್ನೇ ನೋಡುತ್ತ ಅಂದರು:

"ನಾ ಹೇಳಿದ್ದೆ."

ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು. ಒಂದು ಅಕ್ಷರವೂ ತಪ್ಪಿರಲಿಲ್ಲ. ನಾನು ಅವರ ಪಕ್ಕದಲ್ಲಿ ಮಣ್ಣಿನಲ್ಲೇ ಕೂತು ಅತ್ತೆ. ಖುಷಿಗೋ, ನಾಚಿಕೆಗೋ, ಸುಸ್ತಿಗೋ ಗೊತ್ತಿಲ್ಲ. ಹೌದು, ಹೇಳಿದ್ದರು. "ಹಾರ್ಡ್" ಎನ್ನಲು ಹೋಗಿ "ಹಾಲು" ಅಂದಿದ್ದರು. ಸ್ಪ್ರಿಂಗ್ ಬಿಗಿ ಮಾಡಿರಿ ಎಂದು ತೊಡೆ ಬಡಿದುಕೊಂಡು ಹೇಳಿದವರಿಗೆ ನಾನು ಚಹಾ ಕೊಟ್ಟಿದ್ದೆ. ಟ್ರ್ಯಾಕ್ಟರಿನವನೂ ಹೊಲದವರಿಬ್ಬರೂ ಬಂದು ಅವರನ್ನು ಎತ್ತಿ ಕೂಡಿಸಿದರು, ಗಾಡಿಯನ್ನೂ ಎತ್ತಿ ನಿಲ್ಲಿಸಿದರು. "ಇನ್ನೂ ಆಯುಷ್ಯ ಅದ ನಿಮಗ" ಎಂದಷ್ಟೇ ಅಂದು ನೀರು ಕುಡಿಸಿದರು.

ಮುಂದಿನ ಭಾನುವಾರ ಆ ಮೆಕ್ಯಾನಿಕ್ ತಾವಾಗಿಯೇ ಭಾಲ್ಕಿಗೆ ಬಂದರು. ಫೋನಿನಲ್ಲಿ ಸುದ್ದಿ ಕೇಳಿದಾಗಿನಿಂದ ಅವರಿಗೆ ನಿದ್ದೆ ಇರಲಿಲ್ಲವಂತೆ. ಅಂಗಳದಲ್ಲಿ ನನ್ನ ಗಂಡನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಸಾಹೇಬ್ರ, ಈಗ ನೀವು ಹೇಳ್ರಿ. ನಾ ಸುಮ್ನ ಕೇಳ್ತೇನಿ," ಅಂದರು.

ಆ ದಿನ ಯಾರೂ ಅವಸರ ಮಾಡಲಿಲ್ಲ. ನನ್ನ ಗಂಡ ಎಡಗೈಯಿಂದ ತೋರಿಸಿದರು, ಮಣ್ಣಿನಲ್ಲಿ ಗೆರೆ ಎಳೆದರು, ತಪ್ಪು ಪದ ಬಂದಾಗ ತಲೆ ಅಲ್ಲಾಡಿಸಿ ಮತ್ತೆ ಹುಡುಕಿದರು. ಮೊದಲು ನನ್ನ ಶಾಲೆಯ ಕಟ್ಟಿಗೆಯ ಸ್ಕೇಲು ತರಿಸಿದರು. ಗಾಡಿ ಖಾಲಿ ಇದ್ದಾಗ ಹಿಂಭಾಗ ಎಷ್ಟು ಎತ್ತರ, ನಾವಿಬ್ಬರೂ ಕೂತಾಗ ಎಷ್ಟು ಇಳಿಯುತ್ತದೆ ಎಂದು ಅಳೆಸಿದರು. ಸಡಿಲು ಮಾಡಿದ್ದ ಸ್ಪ್ರಿಂಗ್ ನಾವು ಕೂತ ಕೂಡಲೇ ಮುಕ್ಕಾಲು ಪಾಲು ಕುಸಿಯುತ್ತಿತ್ತು. ಇನ್ನು ತಗ್ಗು ಬಂದರೆ ಅದು ಇಳಿಯಲು ಜಾಗವೆಲ್ಲಿ? ಮೂವತ್ತು ಮಕ್ಕಳಿಗೆ ದಿನಾ ಲೆಕ್ಕ ಕಲಿಸುವ ನನಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ಮೆಕ್ಯಾನಿಕ್ ಬಳೆಯನ್ನು ಒಂದೊಂದೇ ಹಲ್ಲು ಬಿಗಿ ಮಾಡುತ್ತ ಹೋದರು. ನಾವು ಪ್ರತಿ ಸಲ ಕೂತೆವು, ಇಳಿದೆವು, ಅಳೆದೆವು. ಆರು ಸಲ ಅವರ ಬಲಗಾಲು ಎತ್ತಿ ದಾಟಿಸಿದೆ. ಕೊನೆಗೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯುವಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಮತ್ತ ನನ್ನ ಕಾಲು?" ಅಂದೆ.

ಅವರು ಸೀಟನ್ನು ತಟ್ಟಿದರು. ಮೆಕ್ಯಾನಿಕ್‌ಗೆ ತಿಳಿಯಿತು. ಸೀಟಿನ ಮುಂಭಾಗದ ಫೋಮನ್ನು ಎರಡೂ ಪಕ್ಕದಲ್ಲಿ ಕೆತ್ತಿ ಸಣ್ಣದು ಮಾಡಿದರೆ ತೊಡೆ ಅಗಲಿಸಬೇಕಾಗಿಲ್ಲ, ಕಾಲು ನೇರ ಕೆಳಗೆ ಇಳಿಯುತ್ತದೆ. ಎರಡೂ ಕಾಲು ಊರಲೇಬೇಕೆಂಬ ಹಟ ಬಿಡು, ಎಡಗಾಲು ಒಂದು ಗಟ್ಟಿಯಾಗಿ ಊರಿದರೆ ಸಾಕು, ಬಲಗಾಲು ಹಿಂದಿನ ಬ್ರೇಕಿನ ಮೇಲಿರಲಿ ಎಂದು ನನ್ನ ಗಂಡ ಒಂದೇ ಕಾಲಿನ ಮೇಲೆ ನಿಂತು ತೋರಿಸಿದರು. ತೋರಿಸುವಾಗ ಬೀಳಲಿದ್ದರು, ಇಬ್ಬರೂ ಓಡಿ ಹಿಡಿದೆವು. ಮೂವರೂ ನಕ್ಕೆವು.

ಬ್ರೇಕಿನ ಹಿಡಿಕೆಯಲ್ಲಿ ಒಂದು ಸಣ್ಣ ತಿರುಗಣಿ ಇತ್ತು. ಅದನ್ನು ತಿರುಗಿಸಿದರೆ ಹಿಡಿಕೆ ಬೆರಳಿನ ಹತ್ತಿರ ಬರುತ್ತದೆ. ಇಷ್ಟು ದಿನ ಅದು ಕಣ್ಣೆದುರೇ ಇತ್ತು! ಹ್ಯಾಂಡಲನ್ನು ನನ್ನ ಕಡೆ ಸ್ವಲ್ಪ ಹೊರಳಿಸಿದರು. ದೀಪವನ್ನು ನಾವಿಬ್ಬರೂ ಕೂತಿದ್ದಾಗಲೇ ಗೋಡೆಗೆ ಹಿಡಿದು ಕೆಳಗಿಳಿಸಿದರು. ಹಿಂದಿನ ಪೆಟ್ಟಿಗೆಗೆ ದಪ್ಪ ದಿಂಬು ಹೊಲಿಸಿ ಅವರ ಬೆನ್ನಿಗೆ ಆಸರೆ ಮಾಡಿದರು. ಬಲಗಾಲು ಜಾರದಂತೆ ಪಟ್ಟಿಯಿಂದ ಕಟ್ಟಿಬಿಡೋಣವೇ ಎಂದು ಮೆಕ್ಯಾನಿಕ್ ಕೇಳಿದಾಗ ಮಾತ್ರ ನನ್ನ ಗಂಡ ಜೋರಾಗಿ, "ಬ್ಯಾಡ" ಎಂದು ಹೇಳಿ ನೆಲ ತೋರಿಸಿದರು. ಬಿದ್ದರೆ ಕಾಲು ಬಿಡಿಸಿಕೊಳ್ಳಲು ಬರಬೇಕು. ಅದಕ್ಕೆ ಕಾಲಿಡುವಲ್ಲಿ ಅಂಚು ಎತ್ತಿದ ಅಗಲವಾದ ತಗಡಿನ ಹಲಗೆ ಕೂಡಿಸಿದರು, ಕಾಲು ಕೂತಿರುತ್ತದೆ, ಸಿಕ್ಕಿಕೊಳ್ಳುವುದಿಲ್ಲ.

ಅದಾದ ಮೇಲೆ ಗಾಡಿ ಗಟ್ಟಿಯಾಗಿ ಕೂತಿತು. ತಗ್ಗಿನಲ್ಲಿ ಮೊದಲಿಗಿಂತ ಸ್ವಲ್ಪ ಹೆಚ್ಚು ಕುಲುಕುತ್ತಿತ್ತು, ಆದರೆ ಒಮ್ಮೆ ಕುಲುಕಿ ಸುಮ್ಮನಾಗುತ್ತಿತ್ತು. ಭುಜದ ನೋವು ಕಡಿಮೆಯಾಯಿತು ಎಂದು ಅವರು ಸನ್ನೆ ಮಾಡಿದರು. ಹಾಗೆಂದು ನನ್ನ ದಣಿವು ಕಡಿಮೆಯಾಯಿತೆಂದು ಹೇಳಲಾರೆ. ಒಂದು ವರ್ಷ ನಾನು ವಾರಕ್ಕೆ ಎರಡು ದಿನ ಆ ರಸ್ತೆ ತುಳಿದೆ. ಬಿಸಿಲಿನಲ್ಲಿ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ಮಳೆಗಾಲದಲ್ಲಿ ಕರಿಮಣ್ಣು ರಸ್ತೆಗೆ ಬಂದು ಸಾಬೂನಿನ ಹಾಗೆ ಜಾರುತ್ತಿತ್ತು. ವರ್ಷದ ಕೊನೆಗೆ ಫಿಜಿಯೋ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಕೈ ಇನ್ನ ಇಷ್ಟೇ ಅನಸ್ತದ ಮೇಡಂ. ತಿಂಗಳಿಗೆ ಒಂದ್ ಸಲ ಬಂದ್ರ ಸಾಕು," ಅಂದರು. ನನಗೆ ದುಃಖವಾಗಬೇಕಿತ್ತು. ಮೊದಲು ಆದದ್ದು ಬುಧವಾರ ಮನೆಯಲ್ಲಿರಬಹುದಲ್ಲ ಎಂಬ ಸಮಾಧಾನ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆ ಮಾತನ್ನು ಅವರಿಗೆ ಹೇಗೆ ಹೇಳುವುದೋ ತಿಳಿಯದೆ ಎರಡು ದಿನ ಕಳೆದೆ. ಅವರಿಗೇ ಗೊತ್ತಾಗಿತ್ತು. ಶನಿವಾರ ಹೆಲ್ಮೆಟ್ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

"ಇವತ್ತ ಬೀದರಿಲ್ಲ್ರಿ," ಅಂದೆ.

"ಬೀದರಿಲ್ಲ. ಅಕ್ಕ."

ಔರಾದದಲ್ಲಿ ಅವರ ಅಕ್ಕ ಇದ್ದಾರೆ, ವಯಸ್ಸಾಗಿ ಮೊಣಕಾಲು ಹಿಡಿದಿದ್ದರಿಂದ ತಮ್ಮನನ್ನು ನೋಡಲು ಒಂದೇ ಸಲ ಬಂದಿದ್ದರು. ನಾವು ಮರುದಿನ ಮುಂಜಾನೆಯೇ ಹೊರಟೆವು. ಎರಡು ಕಡೆ ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಮಧ್ಯಾಹ್ನಕ್ಕೆ ಮೊದಲು ಔರಾದ ಮುಟ್ಟಿದೆವು. ಸಪ್ಪಳ ಕೇಳಿ ಅಕ್ಕ ಬಾಗಿಲಿಗೆ ಬಂದು, ಹ್ಯಾಂಡಲ್ ಹಿಡಿದ ನನ್ನನ್ನೂ ಹಿಂದೆ ಕೂತ ತಮ್ಮನನ್ನೂ ನೋಡಿ, ಬಾಯಿಗೆ ಸೆರಗು ಹಿಡಿದರು.

"ಯವ್ವಾ, ಇಷ್ಟ್ ದೂರ ನೀನೇ ಹೊಡ್ಕೊಂಡ್ ಬಂದೇನ?"

"ಹೂಂ ಅಕ್ಕಾ."

ಅಕ್ಕ ನಮ್ಮನ್ನು ಒಳಗೆ ಕರೆದು ಕೂಡಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ತಮ್ಮನಿಗೆ ತುತ್ತು ಮಾಡಿ ಕೊಡಲು ನಾನು ಏಳಹೋದರೆ ಕೈ ಹಿಡಿದು ಕೂಡಿಸಿ, "ನಾ ಉಣಸ್ತೇನಿ. ನೀ ಉಣ್ಣು. ಉಂಡು ಒಳಗ ಹೋಗಿ ಮಲ್ಕೋ," ಅಂದರು.

ಒಳಗಿನ ಕೋಣೆಯ ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿತ್ತು. ಐದು ನಿಮಿಷ ಎಂದು ಒರಗಿದೆ. ಎಚ್ಚರಾದಾಗ ಕಿಟಕಿಯ ಬಿಸಿಲು ಗೋಡೆಯ ಆ ಕಡೆಗೆ ಹೋಗಿತ್ತು. ಯಾರೋ ತಲೆಯ ಕೆಳಗೆ ದಿಂಬು ಇಟ್ಟಿದ್ದರು, ಕಾಲಿನ ಮೇಲೆ ಕೌದಿ ಹೊದಿಸಿದ್ದರು. ಹೊರಗೆ ಪಡಸಾಲೆಯಲ್ಲಿ ನನ್ನ ಗಂಡ ಏನನ್ನೋ ಹೇಳುತ್ತಿದ್ದರು, ಅರ್ಧ ಪದ ಸರಿ, ಅರ್ಧ ತಪ್ಪು. ಅಕ್ಕ ಎಲ್ಲಕ್ಕೂ "ಹೌದೇನಪ್ಪಾ, ಆಮ್ಯಾಲ?" ಎನ್ನುತ್ತಿದ್ದರು. ಕತ್ತಲಾಗುವುದರೊಳಗೆ ಹೊರಡಬೇಕಿತ್ತು. ನಾನು ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡೆ.