ಕೊಳೆತದ್ದನ್ನು ಕಾಪಾಡಿದ ವಾರ

ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಕಾಳನ್ನು ಪಾತ್ರೆಗೂ ಹುಳವನ್ನು ಅಂಗಳಕ್ಕೂ ಹಾಕುತ್ತಿದ್ದಾಗ ಮಗಳ ಫೋನು ಬಂತು. ಅವಳು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಾಳೆ.

“ಅಮ್ಮಾ, ಭಾನುವಾರ ಬರ್ತೀನಿ. ನಂಗೆ ನಮ್ಮೂರಿನ ಹುಳ ಬೇಕು.”

“ಇಲ್ಲೇ ಒಂದು ಬೊಗಸೆ ಇದಾವೆ. ಡಬ್ಬಿಗೆ ಹಾಕಿಡ್ಲಾ?”

“ಅಯ್ಯೋ, ಅವರೆ ಹುಳ ಅಲ್ಲಮ್ಮ! ಇದು ಕೊಳೆತ ಹಣ್ಣಲ್ಲಿರುತ್ತೆ. ದಾರದ ಚೂರಿನ ಹಾಗೆ, ಕಣ್ಣಿಗೆ ಕಾಣೋದೇ ಕಷ್ಟ. ಕೊಳೆತಿದ್ದು ಏನೂ ಬಿಸಾಡಬೇಡ.”

ಈ ಅರಸೀಕೆರೆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೊಳೆತದ್ದನ್ನು ಜೋಪಾನ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವಳ ಲ್ಯಾಬಿನ ಹುಳುಗಳು ಪರದೇಶದಿಂದ ಬಂದವಂತೆ. ಮೈ ಗಾಜಿನ ಹಾಗೆ, ಒಳಗಿರುವುದೆಲ್ಲ ಕಾಣುತ್ತದೆ. ಮೂರು ದಿನಕ್ಕೆ ಬೆಳೆದು ಮರಿ ಮಾಡುತ್ತವೆ. ಅವುಗಳ ಎಷ್ಟೋ ಜೀನುಗಳು ನಮ್ಮವನ್ನೇ ಹೋಲುತ್ತವಂತೆ. ಅವಕ್ಕೆ ಹೋಲಿಸಿ ನೋಡಲು ನಮ್ಮೂರಿನ ಹುಳ ಹುಡುಕು ಎಂದು ಅವಳ ಗೈಡ್ ಹೇಳಿದ್ದರು. ಹಿಂದೆ ಎರಡು ಸಲ ಬಂದಾಗ ಮಣ್ಣು ಕೆದಕಿದ್ದೂ ಇದಕ್ಕೇ ಅಂತೆ, ಸಿಕ್ಕಿರಲಿಲ್ಲ. ಈ ಸಲವೂ ಬರಿಗೈಲಿ ಹೋದರೆ ತನ್ನ ವಿಷಯ ಬಿಟ್ಟು ಬೇರೆಯವರ ಕೆಲಸಕ್ಕೆ ಕೈಜೋಡಿಸಬೇಕು. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು.

ಪಕ್ಕದಲ್ಲಿ ಕೂತಿದ್ದ ಅತ್ತೆ ಮಾತ್ರ, “ಹುಳಾನೂ ನಮ್ಮಂಗೇ ಐತಂತಾ? ನಿನ್ನ ಗಂಡನಂಗೆ ಅನ್ನು. ತಿನ್ನೋದು, ಹೊರಳೋದು,” ಎಂದರು. ಸ್ವಂತ ಮಗನ ವಿಷಯ, ಅವರಿಗೇ ಚೆನ್ನಾಗಿ ಗೊತ್ತು.

ಕಪ್ಪಾದ ಬಾಳೆಹಣ್ಣು, ಒಡೆದ ಟೊಮೆಟೊ, ಅರ್ಧ ಪರಂಗಿ ಎಲ್ಲ ಬಚ್ಚಲ ಹಿಂದಿನ ಬುಟ್ಟಿಗೆ ಸೇರಿದವು. ಸಾಲದೆಂದು ಬೇಲೂರಿನ ತಂಗಿಗೂ ಫೋನು ಮಾಡಿ, ಕೊಳೆತ ಹಣ್ಣಿದ್ದರೆ ಬಸ್ಸಲ್ಲಿ ಕಳಿಸು ಎಂದೆ.

“ಅಕ್ಕನ ಮನೆಗೆ ಕೊಳೆತಿದ್ದು ಕಳ್ಸದಾ? ನಿಮ್ಮತ್ತೆ ಏನಂದ್ಕೊಂಡಾರು!” ಎಂದವಳು ಒಳ್ಳೇ ರಸಬಾಳೆ, ಸಪೋಟ ಆರಿಸಿ, ಮೇಲೊಂದು ರವಿಕೆ ಕಣ ಇಟ್ಟು ಕಳಿಸಿದಳು. ಅದರಲ್ಲಿ ಹುಳ ಹುಡುಕುವುದುಂಟೇ? ತಿಂದೆವು. ರವಿಕೆ ಕಣದ ಬಣ್ಣ ಚೆನ್ನಾಗಿತ್ತು, ಅದೊಂದು ಪುಣ್ಯ.

ಶನಿವಾರ ಅತ್ತೆಗೆ ಮೊಮ್ಮಗಳ ಮೇಲೆ ಕರುಣೆ ಉಕ್ಕಿತು. ನಾನು ದೇವಸ್ಥಾನಕ್ಕೆ ಹೋಗಿದ್ದಾಗ ಬುಟ್ಟಿಯಲ್ಲಿದ್ದುದನ್ನೆಲ್ಲ ಬಿಸಿನೀರಲ್ಲಿ ತೊಳೆದು, ಅರಿಶಿನದ ನೀರಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಬಾಳೆಎಲೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು.

ಭಾನುವಾರ ರೈಲಿಳಿದು ಬಂದ ಮಗಳು ಆ ಎಲೆ ನೋಡಿ ಮೆಟ್ಟಿಲ ಮೇಲೆ ಕುಸಿದಳು. “ಅಜ್ಜೀ, ಹುಳ ಎಲ್ಲಾ ಸತ್ತೇ ಹೋಗಿರುತ್ತೆ!”

“ನೀನು ಕೈ ಹಾಕೋ ಪದಾರ್ಥ, ಮಡಿಯಾಗಿರ್ಲಿ ಅಂತ ಮಾಡ್ದೆ ಕಣವ್ವಾ,” ಎಂದು ಅತ್ತೆಯೂ ಮುಖ ಸಣ್ಣ ಮಾಡಿಕೊಂಡರು.

ತಂದಿದ್ದ ಪುಟ್ಟ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಅರಿಶಿನದ ಪುಡಿ ಬಿಟ್ಟರೆ ಏನೂ ಇಲ್ಲ.

ನಾನು ಸಂಜೆ ಪೂಜೆಗೆಂದು ಬೆಳಗಿನ ಹೂವು ತೆಗೆದು ಹಿತ್ತಲ ತೆಂಗಿನಮರದ ಬುಡಕ್ಕೆ ಹಾಕಲು ಹೋದೆ. ದೇವರಿಗೆ ಏರಿಸಿದ್ದು ಯಾರ ಕಾಲಿಗೂ ಸಿಗಬಾರದೆಂದು ಅಲ್ಲಿ ಸುತ್ತ ಕಲ್ಲಿಟ್ಟಿದ್ದೇವೆ. ಹಿಂದೆಯೇ ಬಂದ ಮಗಳು ನಿಂತುಬಿಟ್ಟಳು. ಹೂವು, ಬಿಲ್ವಪತ್ರೆ, ಅಭಿಷೇಕದ ಬಾಳೆಹಣ್ಣಿನ ಚೂರು ಎಲ್ಲ ಕರ್ರಗೆ ಒದ್ದೆಯಾಗಿ ಕೊಳೆತಿತ್ತು.

“ಅಮ್ಮಾ, ಇದನ್ನ ಯಾರೂ ಕೆದಕಲ್ವಾ? ನಾನು ಮುಟ್ಟಬಹುದಾ?”

“ಕಾಲು ತಾಗಬಾರದು. ಕೈಗೇನು? ತೊಗೋ.”

“ಚಪ್ಪಲಿ ಬಿಟ್ಟು ಹೋಗೇ!” ಎಂದು ಅತ್ತೆ ಬಾಗಿಲಿಂದಲೇ ಕೂಗಿದರು.

ಒಂದು ಚಮಚ ತೆಗೆದು ತಟ್ಟೆಯ ನೀರಿಗೆ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ನಾನೂ ನೋಡಿದೆ. ದಾರದ ಚೂರುಗಳು ಅತ್ತ ಬಳುಕಿ ಇತ್ತ ಬಳುಕುತ್ತಿದ್ದವು.

“ನಂಗೇನೂ ಕಾಣಂಗಿಲ್ವಲ್ಲೇ,” ಎಂದರು ಅತ್ತೆ.

“ಅಜ್ಜೀ, ಒಂದು ಕಣ್ಣು ಮುಚ್ಚು ಅಂದಿದ್ದು. ಎರಡೂ ಅಲ್ಲ!”

ಒಂದು ಕಣ್ಣು ತೆರೆದರು. “ಓ ಶಿವನೇ! ಪ್ರಸಾದ ತಿಂದು ಬೆಳೆದಿರೋವು ಕಣೇ, ಅದ್ಕೇ ಕುಣೀತಾವೆ.”

ಕೆಲವು ದಿನ ಬಿಟ್ಟು ಮೈಸೂರಿನಿಂದ ಫೋನು ಬಂತು. ಅದು ಲ್ಯಾಬಿನ ಹುಳದ ಜಾತಿಯೇ ಅಲ್ಲವಂತೆ, ಅದರ ದಾಯಾದಿಯಂತೆ. ಹೋಲಿಸಿ ನೋಡಲು ದಾಯಾದಿಯೇ ಒಳ್ಳೆಯದೆಂದು ಗೈಡ್ ಒಪ್ಪಿದರಂತೆ. ವಿಷಯ ಅವಳದ್ದೇ ಉಳಿಯಿತು. ನಾನು ದೇವರ ಮನೆಯ ಕಡೆ ತಿರುಗಿ ಕೈಮುಗಿದೆ.

ಅತ್ತೆ ಫೋನು ಕಿತ್ತುಕೊಂಡರು. “ಅವಕ್ಕೆ ಊಟಕ್ಕೆ ಏನಾಕ್ತೀಯ?”

“ಬ್ಯಾಕ್ಟೀರಿಯಾ, ಅಜ್ಜಿ.”

“ಅದು ಸಸ್ಯಾಹಾರ ತಾನೇ?”

“ಹ್ಞೂಂ ಅಜ್ಜಿ,” ಎಂದಳು ಮಗಳು.

ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಮರಳುತ್ತಿತ್ತು. ರಾಗಿಹಿಟ್ಟು ಹಾಕಲು ಒಳಗೆ ಹೋದೆ.