ಆನೆಯ ಬೆನ್ನ ಮೇಲಿನ ಆರು

ಸೂರತ್‌ನ ಅಡಾಜಣ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಎದುರಿನ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಇಡ್ಲಿಗೆ ಬರುತ್ತಿದ್ದರು. ಕತಾರ್‌ಗಾಮ್‌ನ ವಜ್ರದ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಲ್ಲುಗಳನ್ನು ನೋಡಿ ದರ್ಜೆ ಹೇಳಿದವರು. ಕೆಲಸ ಬಿಟ್ಟ ಮೇಲೆ ಹಳೆಯ ತಾಮ್ರದ ನಾಣ್ಯಗಳ ಬೆನ್ನು ಹತ್ತಿದ್ದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇನ್, ಅಂದರೆ ತಂಗಿ, ಎನ್ನುತ್ತಿದ್ದರು.

ಒಂದು ದಿನ ಅವರು ಬಿಸ್ಕತ್ತಿನ ಡಬ್ಬವೊಂದನ್ನು ಮೇಜಿನ ಮೇಲೇ ಮರೆತು ಹೋದರು. ತೆರೆದು ನೋಡಿದರೆ ಆರು ದುಡ್ಡು. ಹಿಂದಿನ ದಿನವಷ್ಟೇ ವಡೋದರಾದಿಂದ ತಂದದ್ದೆಂದು ಹೇಳಿಕೊಂಡಿದ್ದ ಬರೋಡಾ ಸಂಸ್ಥಾನದ ನಾಣ್ಯಗಳು. ಒಂದು ಬದಿಗೆ ಕತ್ತಿ, ಕುದುರೆಯ ಗೊರಸು. ಎಲ್ಲವೂ ಕಂದುಗಟ್ಟಿ, ಕಪ್ಪಾಗಿದ್ದವು. ಪಾಪ, ವಯಸ್ಸಾದವರು, ತಿಕ್ಕಲು ಆಗುವುದಿಲ್ಲವೇನೋ ಅನ್ನಿಸಿತು. ತಾಮ್ರದ ಚೊಂಬು ಬೆಳಗುವ ಹಾಗೆಯೇ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದೆ. ಮಾವಿನ ಚಿಗುರೆಲೆಯ ಹಾಗೆ ಕೆಂಪಗೆ ಹೊಳೆದವು. ನನಗೇ ಹೆಮ್ಮೆ.

ಮರುದಿನ ಅವರು ಬಂದು ಡಬ್ಬ ತೆರೆದರು. ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಒಂದೊಂದನ್ನೇ ಕಣ್ಣಿಗೆ ಹಿಡಿದರು.

"ತೊಳೆದೆಯಾ, ಬೇನ್?"

"ಹೌದು ಕಾಕಾ. ಎಷ್ಟು ಚೆಂದ ಆಯ್ತಲ್ಲ?"

"ಆ ಕಂದು ಬಣ್ಣ ಕೊಳೆಯಲ್ಲಮ್ಮ. ಅದು ಇದರ ಚರ್ಮ. ಬರಲಿಕ್ಕೆ ನೂರು ವರ್ಷ ಬೇಕು."

ಅಷ್ಟೇ ಹೇಳಿ, ಇಡ್ಲಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆಮೇಲೆ ನಾಲ್ಕು ದಿನ ಬರಲಿಲ್ಲ.

"ಬೇರೆಯವರ ಸಾಮಾನು ನೀನ್ಯಾಕೆ ಮುಟ್ಟಲಿಕ್ಕೆ ಹೋದದ್ದು ಮಾರಾಯ್ತಿ?" ಎಂದರು ನನ್ನ ಗಂಡ. ಒಳ್ಳೆಯದೆಂದುಕೊಂಡು ಮಾಡಿದ ತಪ್ಪಿಗೆ ಕ್ಷಮೆ ಕೇಳುವುದು ಎಷ್ಟು ಕಷ್ಟ ಎಂದು ಆ ನಾಲ್ಕು ದಿನದಲ್ಲಿ ತಿಳಿಯಿತು. ಬೇಕೆಂದೇ ಮಾಡಿದ್ದರೆ ಕಾಲಿಗೆ ಬೀಳಬಹುದು. ಪ್ರೀತಿಯಿಂದ ಕೆಡಿಸಿದ್ದಕ್ಕೆ ಏನನ್ನುವುದು?

ಐದನೆಯ ದಿನ ಮಧ್ಯಾಹ್ನ ಅವರ ಮನೆಗೇ ಹೋದೆ. ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕುಳಿತಿದ್ದರು. ನಾನು ತಡವರಿಸುತ್ತ ಏನೋ ಹೇಳಹೊರಟರೆ ಕೈಯೆತ್ತಿ ತಡೆದರು.

"ಸಿಟ್ಟಿನಿಂದಲ್ಲ ನಾನು ಬರದೇ ಇದ್ದದ್ದು. ನೀನು ತೊಳೆದ ಮೇಲೂ ಅವು ನನಗೆ ಸರಿಯಾಗಿ ಕಾಣಿಸಲಿಲ್ಲ. ಅಷ್ಟು ಹೊಳೆಯುತ್ತಿದ್ದರೂ ಎಲ್ಲ ಮಂಜು ಮಂಜು. ಅವತ್ತು ಹೆದರಿಕೆಯಾಯಿತು."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಎಂದರೆ ಅವರಿಗೆ ಭಯ. ಕಣ್ಣಿನಿಂದಲೇ ಅನ್ನ ತಿಂದ ಮನುಷ್ಯ, ಯಾರಿಗೂ ಹೇಳಿರಲಿಲ್ಲ. "ನಾನು ನೋಡಿ ಹೇಳ್ತೇನೆ, ನೀವು ಕಲಿಸಿ" ಎಂದುಬಿಟ್ಟೆ. ಯಾವ ಧೈರ್ಯದಿಂದ ಹೇಳಿದೆನೋ!

ಹಾಗೆ ಮಂಗಳವಾರದ ಮಧ್ಯಾಹ್ನಗಳು ಶುರುವಾದವು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಬೆರಳಿನ ಬೆವರು ತಾಮ್ರಕ್ಕೆ ವಿಷ. ಉಬ್ಬಿದ ಭಾಗ ಮೊದಲು ಸವೆಯುತ್ತದೆ, ಆದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು. ಕೊನೆಗೆ ದರ್ಜೆಯನ್ನು ಚೀಟಿಯಲ್ಲಿ ಬರೆದು ನಾಣ್ಯದ ಜೊತೆ ಇಡಬೇಕು. ಬರೋಡಾದ ಪೈಸೆಯಲ್ಲಿ ದಪ್ಪನೆಯದೊಂದು, ತೆಳ್ಳನೆಯದೊಂದು. ಚಿತ್ತಾರ ಒಂದೇ, ಮಲಗಿಸಿಟ್ಟರೆ ಅವಳಿ ಮಕ್ಕಳು, ನಿಲ್ಲಿಸಿದರೆ ಮಾತ್ರ ಬೇರೆ ಬೇರೆ.

ಮೂರನೆಯ ವಾರ ಅವರು "ದಕ್ಷಿಣ" ಎಂದು ಬರೆದ ಲಕೋಟೆಯೊಂದನ್ನು ಸುರಿದರು. ಚಿಕ್ಕ ಚಿಕ್ಕ ಆನೆಯ ನಾಣ್ಯಗಳು. ಹಿಂಬದಿಯಲ್ಲಿ ಚೌಕುಳಿ ಗೆರೆ, ಆನೆಯ ಬೆನ್ನ ಮೇಲೆ ಏನೋ ಸುರುಳಿ.

"ಮೈಸೂರಿನವು. ಮೇಲಿನ ಗುರುತು ಮಾತ್ರ ನನಗೆ ಹತ್ತಲಿಲ್ಲ. ಒಂದೇ ತರಹದ್ದೆಂದು ಒಟ್ಟಿಗೆ ಇಟ್ಟಿದ್ದೇನೆ."

ನಾನು ಭೂತಗನ್ನಡಿ ಹಿಡಿದೆ. "ಕಾಕಾ, ಇದು ಕನ್ನಡದ ಆರು! ಇದು ಒಂಬತ್ತು! ಬಾಲ ಯಾವ ಕಡೆ ತಿರುಗಿದೆ ನೋಡಿ."

ಸೂರತ್‌ಗೆ ಬಂದು ಹದಿನೇಳು ವರ್ಷ. ನನ್ನ ಕನ್ನಡ ಅಡುಗೆಮನೆಯಲ್ಲಿ, ಊರಿನ ಫೋನಿನಲ್ಲಿ ಮಾತ್ರ ಬದುಕಿತ್ತು. ನನ್ನ ಮಗಳಿಗೇ ಅದರ ಅಂಕಿ ಗೊತ್ತಿಲ್ಲ. ಅಂಥದ್ದರಲ್ಲಿ ತಾಪಿ ನದಿಯ ದಡದ ಈ ಕೋಣೆಯಲ್ಲಿ ಅದರಿಂದ ಯಾರಿಗೋ ಕೆಲಸವಾಗುತ್ತದೆ ಎಂದರೆ! ಉತ್ಸಾಹದಲ್ಲಿ ಆರರ ಅಂಕಿಯ ನಾಣ್ಯಕ್ಕೆ "ಉತ್ತಮ" ಎಂದು ಚೀಟಿ ಬರೆದೆ.

"ಆನೆಯ ಕಿವಿ ಕಾಣುತ್ತದೆಯೇ?" ಕಾಕಾ ಕೇಳಿದರು.

"ಸ್ವಲ್ಪ."

"ಕಾಣುತ್ತದೆಯೋ, ಇಲ್ಲವೋ?"

"ಇಲ್ಲ."

"ಮತ್ತೆ? ನಿನ್ನ ಊರಿನದೆಂದು ಒಂದು ದರ್ಜೆ ಹೆಚ್ಚು ಕೊಡಬೇಡ. ಮಗಳ ಗಂಡ ತಂದ ಕಲ್ಲನ್ನೂ ನಾನು ಹಾಗೆ ನೋಡಿದವನಲ್ಲ."

ಚೀಟಿ ಹರಿದು "ಸಾಧಾರಣ" ಎಂದು ಬರೆದೆ. ಬರೆಯುವಾಗ ಸ್ವಲ್ಪ ನೋವಾಯಿತು, ನಿಜ. ಆದರೆ ಆಮೇಲೆ ಆ ಆನೆಯನ್ನು ಇನ್ನೂ ಹತ್ತಿರದಿಂದ ನೋಡಿದೆ. ಕಿವಿಯಿಲ್ಲದಿದ್ದರೂ ಹೆಜ್ಜೆ ಎತ್ತಿದ ಮುಂಗಾಲು ಸ್ಪಷ್ಟವಾಗಿತ್ತು. ಹೆಚ್ಚು ಹೊಗಳದೆ ನೋಡಿದರೆ ಇರುವುದು ಕಾಣುತ್ತದೆ.

ಚಳಿಗಾಲದ ಹೊತ್ತಿಗೆ ಕಾಕಾರ ಭಯ ಸವೆಯಿತು. ಅವರೊಡನೆ ನಾನೂ ಆಸ್ಪತ್ರೆಗೆ ಹೋದೆ. ಒಂದು ಕಣ್ಣು, ತಿಂಗಳ ನಂತರ ಇನ್ನೊಂದು. ಎರಡೂ ಸರಿಹೋದ ಮೇಲೆ ಅವರು ಮಾಡಿದ ಮೊದಲ ಕೆಲಸ ನನ್ನ ಚೀಟಿಗಳನ್ನೆಲ್ಲ ಪರೀಕ್ಷಿಸಿದ್ದು. ನಾನು ಎದುರು ಕುಳಿತು ಶಾಲೆಯ ಹುಡುಗಿಯಂತೆ ಸೆರಗು ತಿರುಚುತ್ತಿದ್ದೆ. ಹನ್ನೊಂದನ್ನು ತಿದ್ದಿದರು. ದಪ್ಪ ಪೈಸೆಯೊಂದನ್ನು ನಾನು ತೆಳುವಿನ ಸಾಲಿಗೆ ಸೇರಿಸಿದ್ದೆ, ಅದಕ್ಕೆ ನಕ್ಕರು. ಏಳರ ಅಂಕಿಯ ಆನೆಯೊಂದರ ದರ್ಜೆ ಇಳಿಸಹೊರಟಾಗ ಮಾತ್ರ ನಾನು ಪಟ್ಟುಹಿಡಿದೆ: "ಇದು ಸವೆದದ್ದಲ್ಲ ಕಾಕಾ, ಅಚ್ಚು ಒತ್ತುವಾಗಲೇ ಸರಿಯಾಗಿ ಕೂತಿಲ್ಲ."

ಅವರು ಅದನ್ನು ಕಿಟಕಿಗೆ ಒಯ್ದು ಬಹಳ ಹೊತ್ತು ತಿರುಗಿಸಿ ನೋಡಿದರು. ಹಿಂದಿರುಗಿ ಬಂದು, ನನ್ನ ಚೀಟಿಯನ್ನೇ ತಿದ್ದದೆ ಮಡಚಿ ನಾಣ್ಯದ ಜೊತೆ ಲಕೋಟೆಗೆ ಹಾಕಿದರು. ಆಮೇಲೆ ಮುಂದಿನ ನಾಣ್ಯವನ್ನು ನನ್ನ ಕಡೆ ಸರಿಸಿದರು.